ಅಕ್ಕನ ಹೊಟ್ಟೆ, ನನ್ನ ಬಾಯಿ

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಅಂಗನವಾಡಿ ಟೀಚರಾಗಿರುವ ನನ್ನ ಅಕ್ಕ ಐವತ್ತೆರಡನೆಯ ವಯಸ್ಸಿನಲ್ಲಿ ತೆಳ್ಳಗಾಗಲು ಹೊರಟಳು. ಮೊಣಕಾಲು ನೋಯುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಅದು ನಿಜ. ತೂಕ ಇಳಿಸಮ್ಮ ಅಂತ ಡಾಕ್ಟರು ಹೇಳಿದ್ದರು, ಅದೂ ನಿಜ. ಆದರೆ ಅದಕ್ಕೆ ಅವಳು ಹುಡುಕಿಕೊಂಡ ಗುರು ಇದ್ದಾನಲ್ಲ, ಅವನನ್ನು ನೋಡಿದರೆ ಎಂಥವರಿಗೂ ನಗು ಬರಬೇಕು. ಮೊನ್ನೆ ಮೊನ್ನೆಯವರೆಗೆ ಮೊಬೈಲ್ ಅಂಗಡಿಯಲ್ಲಿ ಸಿಮ್ ಮಾರುತ್ತಿದ್ದವನು. ಈಗ ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ ಹಸಿರು ಟೀ ಶರ್ಟು ತೊಟ್ಟು ಕೋಚ್ ಆಗಿಬಿಟ್ಟಿದ್ದ. ಕೆಳಗೆ ಯೂರಿಯಾ, ಮೇಲೆ ಪ್ರೋಟೀನ್ ಪೌಡರು. ಎರಡೂ ಒಂದೇ ಲಾರಿಯಲ್ಲಿ ಬಂದು ಇಳಿಯುತ್ತವಾ ಅಂತ ನಾನು ಅಕ್ಕನನ್ನು ಫೋನಿನಲ್ಲಿ ಕೇಳಿದ್ದೆ. ಅವಳು ನಕ್ಕಳು. ನಾನು ಏನಂದರೂ ಅವಳು ನಗುತ್ತಿದ್ದಳು.

ನನ್ನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ. ಮನೆ ಹಿಂದಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೂತು ಹಣ್ಣು ಜಜ್ಜಿ, ಬೀಜ ತೆಗೆದು, ನಾರು ಬಿಡಿಸುತ್ತಾರೆ. ನಾನೂ ಅವರ ಜೊತೆ ಕೂರುತ್ತೇನೆ. ಕೈಗಿಂತ ಬಾಯಿಗೇ ಕೆಲಸ ಜಾಸ್ತಿ. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳಾದರೂ ನಮ್ಮಿಬ್ಬರ ನಡುವೆ ಮೊದಲಿಂದ ನಡೆದದ್ದು ನನ್ನ ಮಾತೇ. ಅವಳು ಮದುವೆಗೆ ಯಾವ ಸೀರೆ ಉಡಬೇಕು, ಯಾವ ಹಲ್ಲು ಕೀಳಿಸಬೇಕು, ನಾದಿನಿಗೆ ಏನಂತ ಉತ್ತರ ಕೊಡಬೇಕು, ಎಲ್ಲ ನಾನೇ ಹೇಳಬೇಕು. "ನೀನು ಹೇಳ್ದಂಗೇ ಮಾಡ್ತೀನಿ ಬಿಡೇ" ಅನ್ನುವುದು ಅವಳ ಗುಣ. ಭಾವನೋ, ಕೊನೆಯಲ್ಲಿ ಯಾರು ಮಾತಾಡಿದರೋ ಅವರ ಮಾತಿಗೆ ತಲೆ ಆಡಿಸುವ ಮನುಷ್ಯ. ಕೊನೆಯಲ್ಲಿ ಮಾತಾಡುವವಳು ಯಾವಾಗಲೂ ನಾನೇ ಆಗಿರುತ್ತಿದ್ದೆ.

ಆ ಕೋಚ್ ಕೊಟ್ಟ ಪಟ್ಟಿ ಕೇಳಿ. ಬೆಳಿಗ್ಗೆ ಐದೂವರೆಗೆ ಮಹಡಿ ಮೇಲೆ ಹಾರುವುದು, ಬಗ್ಗುವುದು, ಎರಡು ಕೈ ಮೇಲೆತ್ತಿ ಯಾರನ್ನೋ ಕರೆದ ಹಾಗೆ ಬೀಸುವುದು. ತಿಂಡಿಯ ಬದಲು ಪೌಡರು ಕದಡಿದ ನೀರು. ಮಧ್ಯಾಹ್ನ ಮೊಳಕೆ ಹುರುಳಿ, ಸೌತೆಕಾಯಿ, ಹಸೀ ಎಲೆಕೋಸು. ರಾತ್ರಿಗೆ ನಿಂಬೆಹಣ್ಣಿನಷ್ಟು ಮುದ್ದೆ, ಅದನ್ನೂ ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕಂತೆ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮುದ್ದೆಯನ್ನು ನುಂಗುತ್ತಾರೆ ಕಣ್ರೀ, ಅಗಿಯುವುದಿಲ್ಲ. ಸಾರಿನಲ್ಲಿ ಹೊರಳಿಸಿ ಹಲ್ಲಿಗೆ ತಾಕದ ಹಾಗೆ ಗಂಟಲಿಗೆ ಬಿಡುವುದನ್ನು ನಮ್ಮ ಕಡೆ ಮಕ್ಕಳು ಅಕ್ಷರ ಕಲಿಯುವ ಮುಂಚೆ ಕಲಿಯುತ್ತವೆ. ಅಗಿದರೆ ಅದು ಹಲ್ಲಿಗೆಲ್ಲ ಮೆತ್ತಿಕೊಂಡು ಗಾರೆ ಕೆಲಸ ಮಾಡಿದ ಹಾಗಾಗುತ್ತದೆ. ರಾಗಿ ತಿಂದೇ ಬೆಳೆದ ಊರಿಗೆ ಬಂದು ರಾಗಿ ತಿನ್ನುವುದನ್ನು ಕಲಿಸುವವನಿಗೆ ಏನು ಹೇಳುವುದು.

ಎರಡನೇ ವಾರಕ್ಕೆ ಅಕ್ಕನ ಹೊಟ್ಟೆ ತಿರುಗಿಬಿತ್ತು. ಮೂರು ದಿನ ಬಿಗಿ, ನಾಲ್ಕನೇ ದಿನ ಸಡಿಲ. ಸಂಜೆಯಾದರೆ ಉಬ್ಬರ. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಹೊಟ್ಟೆ ಎಷ್ಟು ಗುಡುಗಿತೆಂದರೆ ಒಂದು ಮಗು ಎದ್ದು "ಟೀಚರ್, ವಾನ ವಸ್ತಾ ಉಂದಾ?" ಅಂತ ಕೇಳಿತಂತೆ, ಮಳೆ ಬರ್ತಿದೆಯಾ ಅಂತ. ಅದನ್ನು ಶೆಡ್ಡಿನಲ್ಲಿ ಹೇಳಿದಾಗ ಹೆಂಗಸರು ನಕ್ಕೂ ನಕ್ಕೂ ಹಣ್ಣು ಜಜ್ಜುವುದನ್ನೇ ಬಿಟ್ಟರು. ಇದರ ಮೇಲೆ ಒಂದು ವಾಟ್ಸಾಪ್ ಗುಂಪು ಬೇರೆ. ಬೆಳಿಗ್ಗೆ ಏಳರೊಳಗೆ ತೂಕ ಎಷ್ಟು, ಎಷ್ಟು ಹೆಜ್ಜೆ ನಡೆದಿರಿ, ಹೊಟ್ಟೆ ಫ್ರೀ ಆಯಿತೋ ಇಲ್ಲವೋ ಅಂತ ಅದರಲ್ಲಿ ಹಾಕಬೇಕು. ಆಯಿತು ಅಂದವರಿಗೆ ಕೋಚ್ ಚಪ್ಪಾಳೆ ಕಳಿಸುತ್ತಾನೆ. ಎರಡು ವರ್ಷದ ಕೂಸು ಬಿಟ್ಟರೆ ಈ ಕೆಲಸಕ್ಕೆ ಚಪ್ಪಾಳೆ ಗಿಟ್ಟಿಸಿದವರನ್ನು ನಾನಂತೂ ಕಂಡಿಲ್ಲ.

ನೋಡಿಯೇ ಬರೋಣ ಅಂತ ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ಮಾರನೇ ಬೆಳಿಗ್ಗೆ ಅಕ್ಕನ ಜೊತೆ ಆ ಮಹಡಿಗೂ ಹತ್ತಿದೆ. ಹತ್ತು ಹನ್ನೆರಡು ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕುಣಿಯುತ್ತಿದ್ದರು. ಕುಣಿತ ಮುಗಿದ ಮೇಲೆ ಅಕ್ಕನ ಹೊಟ್ಟೆಯ ವಿಷಯ ನಾನೇ ಎತ್ತಿದೆ. ಅವನಿಗೆ ಕನ್ನಡ ಬರುತ್ತಿತ್ತು, ನಮ್ಮ ಕನ್ನಡವೇ.

"ಹೊಸ ಊಟ, ಹೊಸ ಕಸರತ್ತು ಅಲ್ವಾ ಅಕ್ಕ, ಮೊದ್ಲು ಮೂರು ನಾಕು ವಾರ ಹಿಂಗೇ ಇರ್ತದೆ," ಅಂದ. "ಹುರುಳಿ ಅರ್ಧ ಮಾಡಿ, ನೀರು ಜಾಸ್ತಿ ಕುಡೀರಿ, ಮೆಲ್ಲಮೆಲ್ಲಗೆ ಏರ್ಸಿ. ಹೊಟ್ಟೆಗೆ ನಾರು ಬೇಕು, ಒಂದೇ ಸಲ ಆದ್ರೆ ತಡ್ಕಳಲ್ಲ, ಅಷ್ಟೇ."

"ನಾರಾ?" ಅಂದೆ ನಾನು. "ಅಷ್ಟೇ ತಾನೆ ಕಣಪ್ಪ, ನಮ್ಮ ಶೆಡ್ಡಿಗೆ ಬಾ. ದಿನಾ ಮೂಟೆಗಟ್ಲೆ ಹುಣಸೆ ನಾರು ಬಿಸಾಕ್ತೀವಿ. ಹೊತ್ಕೊಂಡೋಗಿ ಎಲ್ರಿಗೂ ತಿನ್ಸು."

ಹೆಂಗಸರೆಲ್ಲ ನಕ್ಕರು. ಅವನು ನಗಲಿಲ್ಲ. ಅಕ್ಕನ ಪುಸ್ತಕದಲ್ಲಿ ಹುರುಳಿ ಅರ್ಧ ಅಂತ ಬರೆದುಕೊಟ್ಟ. ನಗುವುದಕ್ಕೂ ಒಂದಿಷ್ಟು ಬುದ್ಧಿ ಬೇಕು ಅಂತ ನಾನು ಇಳಿಯುವಾಗ ಅಕ್ಕನಿಗೆ ಹೇಳಿದೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಅವನು ಹೇಳಿದ ಹಾಗೇ ತಿಂಗಳೊಳಗೆ ಹೊಟ್ಟೆ ಸರಿಹೋಯಿತು. ಉಬ್ಬರ ಇಳಿಯಿತು, ಹೊತ್ತಿಗೆ ಸರಿಯಾಗಿ ಆಗತೊಡಗಿತು, ಅಕ್ಕ ಮೆಟ್ಟಿಲನ್ನು ನಿಲ್ಲದೆ ಹತ್ತಿದಳು. ನನಗೆ ಇದರಿಂದ ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ತಮಾಷೆಯ ಗಂಟೇ ಖಾಲಿಯಾದಂತಾಯಿತು.

ಕಾರ್ತಿಕದಲ್ಲಿ ಮತ್ತೆ ಹೋಗಿದ್ದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಭಾವ ಒಳಗೆ ಹೋಗುವುದನ್ನೇ ಕಾದು ನನ್ನನ್ನು ಹತ್ತಿರ ಕರೆದಳು. ಹದಿನೈದು ದಿನದಿಂದ ಹೊಟ್ಟೆ ಮತ್ತೆ ಕೆಟ್ಟಿದೆ ಅಂದಳು. ಹೋಗಿ ಬಂದರೂ ಪೂರ್ತಿ ಹೋದಂತೆ ಅನಿಸುವುದಿಲ್ಲ. ಆಮೇಲೆ ತಲೆ ಬಗ್ಗಿಸಿಕೊಂಡು, "ರಕ್ತಾನೂ ಬತ್ತದೆ ಕಣೇ," ಅಂದಳು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಉಷ್ಣ ಕಣಕ್ಕ," ಅಂದೆ. "ಮೂರೊತ್ತೂ ಹುರುಳಿ ತಿಂದ್ರೆ ಇನ್ನೇನಾಯ್ತದೆ? ಅದರ ಮೇಲೆ ಬೆಳಗಿನ ಜಾವ ಕುಣಿತ ಬೇರೆ. ಮೈ ಕಾದೋಗ್ಯದೆ."

"ಆ ಹುಡ್ಗ ಡಾಕ್ಟ್ರಿಗೆ ತೋರ್ಸು ಅಂತಾನೆ."

ಅವತ್ತೇ ಸಂಜೆ ಅವನ ಮಹಡಿ ಹತ್ತಿದೆ. ಏನಪ್ಪ, ಅಕ್ಕನ ಹೊಟ್ಟೆ ಕೆಡಿಸಿ ಈಗ ಡಾಕ್ಟರ ಬಾಗಿಲು ತೋರಿಸ್ತೀಯಾ ಅಂದೆ. ಅವನು ಸಿಟ್ಟಾಗಲಿಲ್ಲ, ಆದರೆ ಗಾಬರಿಗೆ ಬಾಯಲ್ಲಿ ತೆಲುಗು ಬಂತು. "ಅಕ್ಕಾ, ಇದಿ ಡೈಟ್ ವಲ್ಲ ಕಾದು. ಡಾಕ್ಟರ್‌ಕಿ ಚೂಪಿಂಚಂಡಿ," ಅಂದ. ಆಮೇಲೆ ಕನ್ನಡದಲ್ಲೂ ಬಿಡಿಸಿ ಹೇಳಿದ. ಊಟದಿಂದ ಆದದ್ದು ಮೊದಲ ತಿಂಗಳೇ ಸರಿಹೋಗಿದೆ, ಇದು ಬೇರೆ, ರಕ್ತ ಅಂದರೆ ನಾನು ಕೈ ಹಾಕುವ ವಿಷಯವಲ್ಲ, ತಡಮಾಡಬೇಡಿ ಅಂದ.

"ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ," ಅಂದೆ ನಾನು. "ಆ ಆಸ್ಪತ್ರೆಯವ್ರು ಆಳಿಗಿಷ್ಟು ಅಂತ ನಿಂಗೆ ಕೊಡ್ತಾರೇನೋ." ಅವನು ಮುಖ ಕೆಳಗೆ ಹಾಕಿದ. ನಾನು ಗೆದ್ದವಳ ಹಾಗೆ ಇಳಿದು ಬಂದೆ. ಅಕ್ಕ ಮನೆ ಬಾಗಿಲಲ್ಲಿ ಕಾಯುತ್ತಿದ್ದಳು. ನಾಳೆಯಿಂದ ಆ ಮಹಡಿಗೆ ಕಾಲಿಡಬೇಡ, ಆಸ್ಪತ್ರೆಗೂ ಹೋಗಬೇಡ, ಅಲ್ಲಿಗೆ ಹೋದರೆ ಇಲ್ಲದ್ದೆಲ್ಲ ಹುಟ್ಟಿಸುತ್ತಾರೆ ಅಂದೆ. ಅವಳು ಒಂದು ಸಲ, ಹಿಂದೆ ಬಂದು ನಿಂತಿದ್ದ ಭಾವನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿ, "ಆಯ್ತು ಬಿಡು, ನೀನು ಹೇಳ್ದಂಗೇ ಮಾಡ್ತೀನಿ," ಅಂದಳು.

ಸಬ್ಬಕ್ಕಿ ಗಂಜಿ, ನೀರುಮಜ್ಜಿಗೆ, ನೆತ್ತಿಗೆ ಹರಳೆಣ್ಣೆ. ಮೂರು ದಿನ ಅಲ್ಲೇ ಇದ್ದು ನಾನೇ ಮಾಡಿಕೊಟ್ಟೆ. ಎರಡು ವಾರಕ್ಕೆ ಅಕ್ಕನ ಫೋನು ಬಂತು, ರಕ್ತ ನಿಂತಿದೆ ಅಂತ. ನನ್ನನ್ನು ಹಿಡಿಯುವವರು ಯಾರು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ ಅಂತ ಶೆಡ್ಡಿನಲ್ಲಿ ಭಾಷಣ ಮಾಡಿದೆ. ಆ ಗಾದೆಯಲ್ಲಿ ಮಾತು ಬಲ್ಲವನ ಸಂಗತಿಯೂ ಇದೆ, ಅದನ್ನು ಯಾರೂ ನೆನಪಿಸಲಿಲ್ಲ.

ಸಂಕ್ರಾಂತಿಗೆ ಅಕ್ಕ ನಮ್ಮ ಮನೆಗೆ ಬಂದಾಗ ರವಿಕೆ ತೋಳು ಜೋತುಬಿದ್ದಿತ್ತು. ಮೊದಲಿನ ಹಾಗೆ ಮುದ್ದೆ ತಿನ್ನುತ್ತಿದ್ದಳು, ಆದರೂ ಇಳಿಯುತ್ತಲೇ ಇದ್ದಳು. ಆ ಪೌಡರಿನ ನಂಜು ಇನ್ನೂ ಮೈಯಿಂದ ಹೋಗಿಲ್ಲ ಅಂದೆ. ರಕ್ತ ಮತ್ತೆ ಶುರುವಾಗಿದೆ ಅಂತ ಅವಳು ಅವತ್ತು ಹೇಳಿದಳು. ಗಂಜಿ ಮುಂದುವರಿಸು ಅಂದೆ. ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಕಣ್ಣೆದುರಿಗೆ ಕೂತಿದ್ದವಳನ್ನು ನಾನು ನೋಡಲೇ ಇಲ್ಲ. ನೋಡಿದ್ದರೆ ಆ ಸಿಮ್ ಮಾರುವವನ ಮಾತು ನಿಜವಾಗಿಬಿಡುತ್ತಿತ್ತು.

ಯುಗಾದಿ ಕಳೆದ ವಾರ, ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುತ್ತಿದ್ದವಳು ಹಾಗೇ ಕುಸಿದು ಕೂತಳಂತೆ. ಭಾವ ಊರಲ್ಲಿರಲಿಲ್ಲ. ಅಲ್ಲಿನ ಆಯಾ, ಅಕ್ಕನ ಫೋನಿನಿಂದ ಆ ಕೋಚ್‌ಗೇ ಫೋನು ಮಾಡಿದಳು. ಅವನು ಆಟೋ ತಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಮೈಯಲ್ಲಿ ರಕ್ತವೇ ಇಲ್ಲ ಅಂದರು. ಅಲ್ಲಿಂದ ಅನಂತಪುರ, ಅಲ್ಲಿ ಕ್ಯಾಮೆರಾ ಬಿಟ್ಟು ನೋಡಿದರು, ದೊಡ್ಡ ಕರುಳಿನಲ್ಲಿ ಗಡ್ಡೆ. ಆಪರೇಷನ್ನಿಗೆ ಬೆಂಗಳೂರಿಗೆ ಹೋಗಿ ಅಂದರು. ಅನಂತಪುರದಿಂದ ಭಾವ ಅವಳನ್ನು ಕರೆದುಕೊಂಡು ಬಂದ ರೈಲಿಗೆ ನಾನು ಹಿಂದೂಪುರದಲ್ಲಿ ಹತ್ತಿದೆ. ಆ ಸ್ಥಿತಿಯಲ್ಲೂ ಅವಳು ಸರಿದು ನನಗೆ ಕಿಟಕಿ ಪಕ್ಕ ಜಾಗ ಕೊಟ್ಟಳು.

ಅಕ್ಕ ಬದುಕಿದ್ದಾಳೆ, ಅದನ್ನು ಹೇಳಿಬಿಡುತ್ತೇನೆ. ಆಪರೇಷನ್ ಆಯಿತು, ಕೀಮೋ ನಡೆಯುತ್ತಿದೆ, ಕೂದಲು ಉದುರಿದೆ, ನಾಲಿಗೆಗೆ ಏನೂ ಹಿಡಿಸುವುದಿಲ್ಲ. ಮುಂದಿನದು ಯಾರಿಗೂ ಗೊತ್ತಿಲ್ಲ. ಆ ಕೋಚ್ ಈಗಲೂ ಪೌಡರು ಮಾರುತ್ತಾನೆ, ಆ ಪೌಡರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಮಾತ್ರ ಉಳಿದಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಐದನೇ ದಿನ ಡಾಕ್ಟರಮ್ಮ ರಿಪೋರ್ಟು ಹಿಡಿದುಕೊಂಡು ಬಂದರು. ಭಾವ ಔಷಧಿ ತರಲು ಕೆಳಗೆ ಹೋಗಿದ್ದ, ಮಂಚದ ಪಕ್ಕ ನಾನೊಬ್ಬಳೇ ಇದ್ದೆ. ಗಡ್ಡೆ ಪೂರ್ತಿ ತೆಗೆದಿದ್ದೇವೆ, ಆದರೆ ಪಕ್ಕದ ಗ್ರಂಥಿಗಳಿಗೂ ಮುಟ್ಟಿದೆ, ಕೀಮೋ ಬೇಕಾಗುತ್ತದೆ ಅಂದರು. ರಕ್ತ ಎಷ್ಟು ದಿನದಿಂದ ಹೋಗುತ್ತಿತ್ತು ಅಂತ ಕೇಳಿದರು. ಐದು ತಿಂಗಳು ಅಂದಳು ಅಕ್ಕ.

"ಐದು ತಿಂಗಳು ಸುಮ್ಮನಿದ್ರಾ? ಆಗಲೇ ಬಂದಿದ್ರೆ ಬರೀ ಆಪರೇಷನ್ನಿನಲ್ಲೇ ಮುಗೀಬಹುದಿತ್ತು. ತೋರಿಸಿ ಅಂತ ಒಬ್ಬರೂ ಹೇಳ್ಲಿಲ್ವಾ?"

"ಒಬ್ಬ ಹುಡ್ಗ ಹೇಳಿದ್ದ ಡಾಕ್ಟ್ರೆ. ನಂಗೇ ಬುದ್ಧಿ ಬರ್ನಿಲ್ಲ."

ಡಾಕ್ಟರಮ್ಮ ನನ್ನ ಕಡೆ ತಿರುಗಿ ನೀವು ಏನಾಗಬೇಕು ಅಂತ ಕೇಳಿದರು. ತಂಗಿ ಅಂದೆ. "ಇಷ್ಟು ಹತ್ತಿರದ ತಂಗಿ ಇದ್ದಾರೆ, ಇವರಿಗಾದ್ರೂ ಒಂದು ಮಾತು ಹೇಳೋದಲ್ವಾ ಅಮ್ಮ," ಅಂತ ಅಕ್ಕನನ್ನು ಗದರಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಮೊಣಕೈ ಮೇಲೆ ಇಟ್ಟಳು.

"ಅವ್ಳಿಗೆ ನಾನು ಹೇಳೇ ಇರ್ನಿಲ್ಲ," ಅಂದಳು. "ಹೇಳಿದ್ರೆ ಅವತ್ತೇ ಎಳ್ಕೊಂಡು ಬಂದ್ಬುಡೋಳು."

ಡಾಕ್ಟರಮ್ಮ ಕನಿಕರದಿಂದ ನನ್ನ ಬೆನ್ನು ಸವರಿದರು. ನಾನು ಸವರಿಸಿಕೊಂಡು ಸುಮ್ಮನೆ ಕೂತಿದ್ದೆ.