ಬಾಡಿಗೆದಾರನ ಹೆಬ್ಬೆಟ್ಟು

"ಮನ್ಯಾಗ ಗಂಡಸ್ರು ಯಾರ್ ಅದಾರ್ರಿ?"

ಈ ಮಾತನ್ನು ಎಂಟು ದಿನಗಳಲ್ಲಿ ಬೀದರಿನ ಎಷ್ಟು ಬಾಯಿಗಳಿಂದ ಕೇಳಿದೆನೆಂದರೆ, ಕೊನೆಕೊನೆಗೆ ಯಾರಾದರೂ ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಸಾಕು, ಅದೇ ಬರುತ್ತದೆಂದು ತಿಳಿದುಬಿಡುತ್ತಿತ್ತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬೀದರಿನ ಹೆಣ್ಣುಮಕ್ಕಳ ಶಾಲೆಗೆ ಉಸ್ತಾನಿಯಾಗಿ, ಅಂದರೆ ಶಿಕ್ಷಕಿಯಾಗಿ ಬಂದಿದ್ದೆ. ಉರ್ದು, ಕನ್ನಡ, ಮರಾಠಿ ಮೂರನ್ನೂ ತಪ್ಪಿಲ್ಲದೆ ಬರೆಯುತ್ತಿದ್ದೆ. ಮನೆ ಬಾಡಿಗೆಗೆ ಕೊಡುವವರಿಗೆ ಇದಾವುದೂ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಒಂದು ಮೀಸೆ.

ನಾನು ಭಾಲ್ಕಿಯವಳು. ಅಪ್ಪ ಅಲ್ಲಿ ಬಟ್ಟೆಯಂಗಡಿ ಇಟ್ಟಿದ್ದರು. ಎಂಟನೆಯ ವಯಸ್ಸಿಗೆ ನನ್ನ ಮದುವೆ ಮಾಡಿದರು. ನನಗೆ ಹತ್ತು ತುಂಬುವಷ್ಟರಲ್ಲಿ ಗಂಡ ಪ್ಲೇಗಿನಲ್ಲಿ ಹೋದ. ಅಪ್ಪ ತಮ್ಮ ತಪ್ಪಿಗೆ ದಂಡ ಕಟ್ಟುವವರ ಹಾಗೆ ನನ್ನನ್ನು ಓದಿಸಿದರು. ಅವರು ಸತ್ತ ಮೇಲೆ ಅಣ್ಣ ಆ ಅಂಗಡಿಯನ್ನು ಪಗಡೆಯಾಟದಲ್ಲಿ ಕರಗಿಸಿ, ಔರಾದಿನ ಮಾವನ ಮನೆ ಸೇರಿದ. ಈ ನೌಕರಿ ಕೈತಪ್ಪಿದರೆ ನಾನೂ ಅಲ್ಲಿಗೇ ಹೋಗಬೇಕು. ಹೆರವರ ಮನೆಯಲ್ಲಿ ಜೋಳ ಬೀಸುತ್ತ, ಅತ್ತಿಗೆಯ ಮಕ್ಕಳನ್ನು ತೊಳೆಯುತ್ತ, ಅಣ್ಣ ಉಂಡು ಬಿಟ್ಟ ತಾಟು ಎತ್ತುತ್ತ ಮುದುಕಿಯಾಗಬೇಕು. ಅದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ಬಡೀ ಉಸ್ತಾನಿ ಎನ್ನುತ್ತಿದ್ದರು. ಮೊದಲ ದಿನವೇ ಅವರು ರಿಜಿಸ್ಟರು ತೆರೆದು ನನ್ನ ಹೆಸರಿನ ಮುಂದೆ ಖಾಲಿ ಇದ್ದ ಎರಡು ಮನೆಗಳನ್ನು ತೋರಿಸಿದರು. ಒಂದರಲ್ಲಿ ನಾನಿರುವ ಮೊಹಲ್ಲಾ ಬರೆಯಬೇಕು, ಇನ್ನೊಂದರಲ್ಲಿ ನನ್ನ ಪೋಷಕನ ಹೆಸರು. ಎಂಟು ದಿನಗಳಲ್ಲಿ ಎರಡೂ ತುಂಬಬೇಕು, ಮೊಹಲ್ಲಾ ಶರೀಫರದೇ, ಅಂದರೆ ಮರ್ಯಾದಸ್ಥರದೇ ಆಗಿರಬೇಕು, ಇಲ್ಲವಾದರೆ ಈ ಜಾಗಕ್ಕಾಗಿ ಹೈದರಾಬಾದಿನಲ್ಲಿ ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂದರು. ಅಲ್ಲಿಯತನಕ ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯಲ್ಲಿ ಮಲಗಲು ಅಪ್ಪಣೆಯಾಯಿತು.

ಮೊದಲು ಚೌಬಾರಾ ಗೋಪುರದ ಹತ್ತಿರ ನೋಡಿದೆ. ಊರಿನ ನಟ್ಟನಡುವೆ ಮಹಡಿಯ ಕೋಣೆ. ಕೆಳಗೆ ಬಿದರಿ ಕೆಲಸದವರು ಹಗಲೆಲ್ಲ ಬೆಳ್ಳಿತಂತಿ ಕುಟ್ಟುತ್ತಿದ್ದರು. ಮಾಲೀಕರು ನಿವೃತ್ತ ಮುನ್ಷಿ. ಪರದೆಯ ಆಚೆ ಕೂತು ಬಹಳ ಸೌಜನ್ಯದಿಂದ ಮಾತಾಡಿದರು, ಒಳಗಿನಿಂದ ಎಲೆಯಡಿಕೆ ಕಳಿಸಿದರು.

"ಬೇಟಿ, ಯಾರರೆ ಬಂದು ಬಾಗ್ಲಾಗ ನಿಂತು ಕರದ್ರ, ಒಳಗಿಂದ ಜವಾಬ್ ಯಾರ್ ಕೊಡ್ತಾರ?"

"ನಾನೇ ಕೊಡ್ತೇನ್ರಿ."

"ತೌಬಾ!"

ಹೊರಗೆ ನಿಂತ ಪರಪುರುಷನಿಗೆ ಒಳಗಿನ ಹೆಣ್ಣಿನ ದನಿ ಕೇಳಿಸಿದರೆ ಇಡೀ ಓಣಿಯ ಇಜ್ಜತ್ತು ಹೋಗುತ್ತದಂತೆ. ನಾನು ಅಷ್ಟು ಹೊತ್ತು ಅವರೊಂದಿಗೆ ಆಡಿದ ಮಾತು ಯಾವ ದನಿಯಲ್ಲಿ ಬಂದಿತೋ ಅವರೇ ಹೇಳಬೇಕು. ಎಲೆಯಡಿಕೆಯನ್ನು ಅಲ್ಲೇ ಇಟ್ಟು ಎದ್ದೆ.

ಆಮೇಲೆ ಚಿದ್ರಿಗೆ ಹೋದೆ. ಆಗ ಅದು ಊರಗೋಡೆಯ ಆಚೆಗಿನ ಹಳ್ಳಿ. ಮನೆಯೊಡತಿ ಒಬ್ಬ ಒಂಟಿ ಮುದುಕಿ, ಎರಡು ಎಮ್ಮೆ ಕಟ್ಟಿದ್ದಳು. ಬೀದರಿನಲ್ಲಿ ನನ್ನನ್ನು ಗಂಡಸಿನ ಬಗ್ಗೆ ಕೇಳದವಳು ಅವಳೊಬ್ಬಳೇ. "ಇರ್ತಿದ್ರ ಇರವ್ವ," ಎಂದಳು, ಅಷ್ಟೆ. ಆದರೆ ನಾನು ಯಾರು? ಹೈದರಾಬಾದಿನಲ್ಲಿ ಓದಿದವಳು! ಸಗಣಿಯ ವಾಸನೆಗೆ ಸೆರಗು ಮೂಗಿಗೆ ಹಿಡಿದುಕೊಂಡೆ. ಭಾಲ್ಕಿ ಬಿಟ್ಟು ಇಷ್ಟು ದೂರ ಬಂದದ್ದು ಎಮ್ಮೆಗಳ ಪಕ್ಕ ಮಲಗಲಿಕ್ಕೇನು ಎಂದುಕೊಂಡೆ. ಇಂಥ ವಿಳಾಸವನ್ನು ಬಡೀ ಉಸ್ತಾನಿ ಒಪ್ಪುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ. ಅವರನ್ನು ಕೇಳಿ ನೋಡಲೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಿತ್ತು ನನಗೆ. ಆ ಊರಿನವರನ್ನು ಬೈಯುವಾಗ ಈ ಒಂದು ಪಾಲನ್ನು ನನಗೇ ಎತ್ತಿಟ್ಟುಕೊಳ್ಳುತ್ತೇನೆ.

ನನ್ನ ಮನಸ್ಸು ಕೂತದ್ದು ನಮ್ಮವರದೇ ಓಣಿಯಲ್ಲಿ. ಲಿಂಗವಂತರ ಓಣಿ, ಮಠಕ್ಕೆ ಹತ್ತಿರ, ಶಾಲೆಗೆ ಕಾಲ್ನಡಿಗೆ. ಜೋಳದ ಸಾವುಕಾರರೊಬ್ಬರು ತಮ್ಮ ಮನೆಯ ಪಕ್ಕಕ್ಕೆ ಹೊಂದಿಕೊಂಡಿದ್ದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮುಂದೆ ಕಟ್ಟೆ, ಹಿಂದೆ ಬಾವಿ, ಮೂಡಲಿಗೆ ಒಂದು ಕಿಟಕಿ. ಆ ಕಿಟಕಿಯ ಕೆಳಗೆ ಒಂದು ಮೇಜು, ಮೇಜಿನ ಮೇಲೆ ನನ್ನ ಪುಸ್ತಕ, ಎದುರಿಗೆ ನಾನು. ಹುಟ್ಟಿದಾಗಿನಿಂದ ನನ್ನದೇ ಆದ ಒಂದು ಮೂಲೆ ನನಗಿರಲಿಲ್ಲ. ಆ ಕಿಟಕಿಯನ್ನು ಕಂಡು ನಾಚಿಕೆಯಿಲ್ಲದೆ ಆಸೆಪಟ್ಟೆ.

ಸಾವುಕಾರರು ಹಣೆ ತುಂಬ ವಿಭೂತಿ ಬಳಿದುಕೊಂಡು ಗಾದಿಯ ಮೇಲೆ ಕೂತಿದ್ದರು.

"ನಮ್ಮಲ್ಲಿ ಹೆಣ್ಣು ಗಂಡು ಅಂತ ಭೇದ ಇಲ್ರಿ ಬಾಯಾರ. ಶರಣರು ಎಲ್ಲಾರ್ನೂ ಒಂದs ಅಂದಾರ. ನನ್ನ ಮಗಳ್ನೂ ನಿಮ್ಮ ಸಾಲಿಗೇ ಕಳಸ್ತೇನಿ." ಇಷ್ಟು ಹೇಳಿ ಕೆಮ್ಮಿದರು. "ಅದಿರ್ಲಿ, ಮನ್ಯಾಗ ಗಂಡಸ್ರು ಯಾರ್ ಅದಾರ್ರಿ?"

ಮುನ್ಷಿಯವರಾದರೂ ಭೇದವಿಲ್ಲವೆಂದು ಪುರಾಣ ಹೇಳಿರಲಿಲ್ಲ. ಎದ್ದು ಹೋಗಬೇಕಿತ್ತು, ಕಿಟಕಿ ಬಿಡಲಿಲ್ಲ. ಎಂಟು ದಿನಗಳಲ್ಲಿ ಆರು ಮುಗಿದಿದ್ದವು. ಔರಾದಿಗೆ ಹೋಗುವ ಗಾಡಿಯವನ ಕೈಯಲ್ಲಿ ಅಣ್ಣನಿಗೆ ಚೀಟಿ ಕಳಿಸಿದೆ.

ನಮ್ಮ ಮನೆತನದಲ್ಲಿ ಉಳಿದಿದ್ದ ಗಂಡಸು ಅವನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ. ಬಂದ, ರುಮಾಲು ಸುತ್ತಿಕೊಂಡು, ಅಪ್ಪನ ಬೆತ್ತ ಹಿಡಿದುಕೊಂಡು. ಸಾವುಕಾರರು ಎದ್ದು ನಿಂತು ಅವನಿಗೆ ಗಾದಿಯ ಮೇಲೆ ಜಾಗ ಕೊಟ್ಟರು. ಬಾಡಿಗೆಯ ಕರಾರುಪತ್ರ ಆಗಿನ ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ ಆಗಬೇಕು. ಸಾವುಕಾರರಿಗೆ ಉರ್ದು ಬಾರದು, ಅಣ್ಣನಿಗೂ ಬಾರದು. ಇಬ್ಬರೂ ಕಾಗದವನ್ನು ನನ್ನ ಕಡೆ ಸರಿಸಿದರು. ನನ್ನ ಕೈಯಿಂದಲೇ ಬರೆದೆ: ಬಾಡಿಗೆದಾರ ಈತ, ಈತನ ಆಶ್ರಯದಲ್ಲಿ ಒಬ್ಬ ವಿಧವೆ ತಂಗಿ. ಅಣ್ಣ ಮರಾಠಿ ಲೆಕ್ಕಪತ್ರದ ಮೋಡಿ ಲಿಪಿಯಲ್ಲಿ ಸೊಟ್ಟಗೆ ಸಹಿ ಹಾಕಿದ. "ಬಾಯಾರ ಅಕ್ಷರ ಮುತ್ತು ಪೋಣಿಸಿದಂಗ ಅದಾವ ನೋಡ್ರಿ," ಎಂದು ಸಾವುಕಾರರು ನನ್ನನ್ನಲ್ಲ, ಅಣ್ಣನನ್ನು ಅಭಿನಂದಿಸಿದರು.

ಹೀಗೆ ರಿಜಿಸ್ಟರಿನ ಎರಡು ಮನೆಗಳೂ ತುಂಬಿದವು. ನಾನು ಶಾಲೆಗೆ ಹೋಗಿ ದುಡಿದು ಬರುತ್ತಿದ್ದೆ, ಅಣ್ಣ ಕಟ್ಟೆಯ ಮೇಲೆ ಕೂತು ಗೌರವ ಗಳಿಸುತ್ತಿದ್ದ. ತನ್ನ ಅಂಗಡಿ ಮುಳುಗಿಸಿದವನ ಹತ್ತಿರ ಓಣಿಯ ವರ್ತಕರು ತೊಗರಿ ಹಿಡಿದಿಡಬೇಕೋ ಮಾರಬೇಕೋ ಎಂದು ಸಲಹೆ ಕೇಳುತ್ತಿದ್ದರು. ನಾನು ಬಾವಿಗೆ ಹೋದರೆ ಹೆಂಗಸರು "ನಿಮ್ಮಣ್ಣಾರು ಎಷ್ಟ್ ಛಲೋ ಅದಾರ್ರಿ, ನಿಮ್ಮನ್ನ ಸಾಕ್ಯಾರ" ಎನ್ನುತ್ತಿದ್ದರು. ಕೊಡ ತುಂಬುವವರೆಗೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದೆ.

ಐದನೆಯ ವಾರ ಒಂದು ಸಂಜೆ ಶಾಲೆಯಿಂದ ಬಂದರೆ ನನ್ನ ಟ್ರಂಕು ಕಟ್ಟೆಯ ಮೇಲಿತ್ತು. ಪಕ್ಕದಲ್ಲಿ ಹಾಸಿಗೆಯ ಸುರುಳಿ, ಅದರ ಮೇಲೆ ನನ್ನ ಪುಸ್ತಕಗಳು. ಬಾಗಿಲಿಗೆ ಸಾವುಕಾರರ ಬೀಗ.

"ನಿಮ್ಮಣ್ಣಾರು ಮನಿ ಬಿಟ್ರಿ," ಎಂದರು ಸಾವುಕಾರರು. "ಮಧ್ಯಾಹ್ನ ಕೀಲಿ ಕೊಟ್ಟು ಔರಾದಕ್ಕ ಹೋದ್ರು. ಇಲ್ಲಿ ಪಗಡಿ ಆಡೋ ಮಂದಿ ಇಲ್ಲ, ಹೊತ್ತು ಹೋಗಂಗಿಲ್ಲ ಅಂದ್ರು."

"ಅಂವ ಹೋದ್ರೇನಾತ್ರಿ? ಇರಾಕಿ ನಾನು. ಬಾಡಗಿ ಕೊಡಾಕಿ ನಾನು."

"ಖರೇ ಅದ. ಆದ್ರ ಕಾಗದದಾಗ ಬಾಡಗಿದಾರ ಅವರು. ಬಾಡಗಿದಾರ ಬಿಟ್ಟ ಮ್ಯಾಲ ನಿಮ್ಮನ್ನ ಒಳಗ ಹ್ಯಾಂಗ ಬಿಡ್ಲಿ? ನೀವೇ ಬರದೀರಲ್ರಿ."

ನಾನೇ ಬರೆದಿದ್ದೆ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಕಟ್ಟೆಗಳ ಮೇಲೆ ಗಂಡಸರು ನೋಡದವರಂತೆ ನೋಡುತ್ತಿದ್ದರು. ಇಷ್ಟು ಹೀನವಾಗಿ ನಾನು ಎಂದೂ ನಿಂತಿರಲಿಲ್ಲ. ಬೆಳಗಾದರೆ ಸುದ್ದಿ ಬಡೀ ಉಸ್ತಾನಿಗೆ ಮುಟ್ಟುತ್ತದೆ, ಆಮೇಲೆ ನನಗೂ ಔರಾದೇ ಗತಿ. ಅಳು ಬಂತು; ಆ ಮಂದಿಯ ಎದುರು ಅಳಬಾರದೆಂದು ಟ್ರಂಕಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟೆ.

ಅದು ಸಾವುಕಾರರಿಗೆ ಇಕ್ಕಟ್ಟಾಯಿತು. ತಿಂಗಳಿಗೆ ಸರಿಯಾಗಿ ಬಾಡಿಗೆ ಕೊಡುವ, ಗದ್ದಲವಿಲ್ಲದ, ಮಗಳಿಗೆ ಪುಕ್ಕಟೆ ಪಾಠ ಹೇಳುವ ಜೀವ ಬಿಟ್ಟುಹೋಗುವುದು ಅವರಿಗೂ ಬೇಡ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಸ್ವಲ್ಪ ಹೊತ್ತು ಕಟ್ಟೆಯ ಆಚೀಚೆ ತಿರುಗಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ನಿಮ್ಮ ಯಜಮಾನ್ರ ಹೆಸರೇನ್ರಿ?"

"ಅವರು ತೀರಿ ಹದಿನಾಕು ವರ್ಷ ಆತ್ರಿ. ನಿಮಗ ಗೊತ್ತೇ ಅದ."

"ಗೊತ್ತದರಿ. ನಾ ಹೆಸರು ಕೇಳ್ದೆ. ಕಾಗದದಾಗ ಅವರ ಹೆಸರು ಇರ್ಲಿ. ತೀರ್ಯಾರ ಅಂತ ಬರಿಬ್ಯಾಡ್ರಿ, ಅಷ್ಟs. ಮಂದಿ ಕೇಳಿದ್ರ ಮನಿ ಗಂಡಸರ ಹೆಸರಿಲೆ ಅದ ಅಂತ ಹೇಳ್ತೇನಿ."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆಯ ಲಕ್ಷಣ ಒಂದಿಷ್ಟೂ ಇರಲಿಲ್ಲ. ಜೀವಂತ ಹೆಂಗಸಿಗಿಂತ ಸತ್ತ ಗಂಡಸು ವಾಸಿ ಎಂಬುದು ಆ ಶರೀಫ ಓಣಿಗೆ ನಗುವ ವಿಷಯವಾಗಿರಲಿಲ್ಲ. ಯೋಚಿಸಿ ನೋಡಿದರೆ ಒಳ್ಳೆಯ ಬಾಡಿಗೆದಾರನೇ: ಪಗಡೆಯಾಡುವುದಿಲ್ಲ, ಬೇಸರವಾಯಿತೆಂದು ಕೀಲಿ ಕೊಟ್ಟು ಹೋಗುವುದಿಲ್ಲ.

ಕಾಗದ ತಂದರು. ಟ್ರಂಕಿನ ಮೇಲೆಯೇ ಇಟ್ಟುಕೊಂಡು ಬರೆದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ನನಗೆ ಕಲಿಸಿದ್ದರು; ಬರೆಯಬಾರದೆಂದು ಯಾರೂ ಕಲಿಸಿರಲಿಲ್ಲ, ಬರೆಯಬಲ್ಲ ಹೆಂಡತಿಯರು ನಮ್ಮಲ್ಲಿ ಎಲ್ಲಿದ್ದರು? ವಯಸ್ಸಿನ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಅವನು ಸತ್ತಾಗ ಹನ್ನೆರಡು. ಮದುವೆಯಲ್ಲಿ ಬಾಸಿಂಗ ಚುಚ್ಚುತ್ತದೆಂದು ಅತ್ತದ್ದು, ತನ್ನ ಕೈಯ ಕೊಬ್ಬರಿ ಬಟ್ಟಲಲ್ಲಿ ಅರ್ಧ ಮುರಿದು ನನಗೆ ಕೊಟ್ಟದ್ದು, ಇವೆರಡು ಬಿಟ್ಟು ಅವನದೇನೂ ನನ್ನಲ್ಲಿ ಉಳಿದಿರಲಿಲ್ಲ. ಇಪ್ಪತ್ತಾರು ಎಂದು ಬರೆದೆ. ಪಾಪದ ಹುಡುಗ, ಬದುಕಿ ಬೆಳೆಯುವ ಭಾಗ್ಯ ಅವನಿಗೆ ಆ ಕಾಗದದಲ್ಲಿ ಮಾತ್ರ ಸಿಕ್ಕಿತು.

ಸಹಿಯ ಪ್ರಶ್ನೆ ಬಂತು. ಸಾವುಕಾರರು ಅದಕ್ಕೂ ದಾರಿ ಕಂಡಿದ್ದರು. ಮಸಿಯ ಬಟ್ಟೆಯನ್ನು ನನ್ನ ಮುಂದೆ ಇಟ್ಟರು.

"ಹೆಬ್ಬಟ್ಟು ಒತ್ರಿ. ಕಾಗದದ ಮ್ಯಾಲ ಎಲ್ಲಾರ ಹೆಬ್ಬಟ್ಟೂ ಒಂದs ಕಾಣಸ್ತದ."

ಎಲ್ಲರೂ ಒಂದೇ ಎಂದು ಶರಣರು ಹೇಳಿದ್ದರಲ್ಲವೆ, ಅದನ್ನು ಸಾವುಕಾರರು ಅಂದು ನಡೆಸಿ ತೋರಿಸಿದರು. ಒತ್ತಿದೆ. ಕಟ್ಟೆಗಳ ಮೇಲಿದ್ದ ಇಬ್ಬರು ಮರ್ಯಾದಸ್ಥರನ್ನು ಕರೆದರು. ಬಾಡಿಗೆದಾರ ತಮ್ಮ ಕಣ್ಣೆದುರು ಹೆಬ್ಬೆಟ್ಟು ಒತ್ತಿದನೆಂದು ಅವರು ಸಾಕ್ಷಿ ಹಾಕಿದರು, ಮಠದ ಗಂಟೆಗೆ ಹೊತ್ತಾಯಿತೆಂದು ಎದ್ದು ಹೋದರು. "ಇದು ನಮ್ಮ ನಮ್ಮೊಳಗ ಇರ್ಲಿ ಬಾಯಾರ, ಹೊರಗ ಬಿತ್ತಂದ್ರ ಮನಿ ಹೋತು ನೋಡ್ರಿ," ಎಂದು ಸಾವುಕಾರರು ಬೀಗ ತೆಗೆದರು.

ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದೆ. ವಿಳಾಸ ಬದಲಾಗದ್ದರಿಂದ ಬಡೀ ಉಸ್ತಾನಿಯ ರಿಜಿಸ್ಟರಿನಲ್ಲಿ ಅಣ್ಣನ ಹೆಸರು ಹಾಗೇ ಉಳಿಯಿತು. ವರ್ಷಕ್ಕೊಮ್ಮೆ ಕಾಗದ ಹೊಸದಾಗುತ್ತಿತ್ತು. ಅವನ ವಯಸ್ಸಿಗೆ ಒಂದು ಕೂಡಿಸಿ ನಾನೇ ಒತ್ತುತ್ತಿದ್ದೆ. ಓಣಿಯ ಮಾನಕ್ಕೆ ಒಂದು ದಿನವೂ ಕುಂದು ಬರಲಿಲ್ಲ. ಆದರೆ ಈಗಲೂ ನನ್ನನ್ನು ಚುಚ್ಚುವುದು ಆ ಮೊದಲ ಕಾಗದದ ಮರುದಿನದ ಬೆಳಗು.

ಮಸಿಯನ್ನು ಬೂದಿ ಹಾಕಿ, ಸೀಗೆಪುಡಿ ಹಾಕಿ ತಿಕ್ಕಿದ್ದೆ; ಹೋಗಿರಲಿಲ್ಲ. ಮೊದಲ ತರಗತಿಯ ಹುಡುಗಿಯರಿಗೆ ಅಂದು ತಮ್ಮ ತಮ್ಮ ಹೆಸರು ಬರೆಯುವ ಪಾಠ. ಸಾವುಕಾರರ ಮಗಳ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದೆ. ಅವಳು ಅಕ್ಷರ ಬಿಟ್ಟು ನನ್ನ ಹೆಬ್ಬೆರಳನ್ನೇ ನೋಡಿದಳು. ಅಂಥ ಕಪ್ಪು ಬೆರಳು ಅವಳು ಕಾಣದ್ದಲ್ಲ. ಅವಳಪ್ಪನ ಅಂಗಡಿಗೆ ಕಾಳು ಕಡ ಕೇಳಲು ಬರುವವರೆಲ್ಲ ಒತ್ತಿ ಹೋಗುತ್ತಿದ್ದರು.

"ಉಸ್ತಾನಿ, ನಿಮಗ ಸಹಿ ಮಾಡ್ಲಿಕ್ಕ ಬರಂಗಿಲ್ಲೇನ್ರಿ?"

ಇಡೀ ತರಗತಿ ತಲೆಯೆತ್ತಿತು. ಬರುತ್ತದೆ ಎಂದರೆ, ಮತ್ತೆ ಹೆಬ್ಬೆಟ್ಟು ಒತ್ತಿದ್ದು ಯಾರ ಹೆಸರಿಗೆ ಎಂಬ ಮಾತು ಮಧ್ಯಾಹ್ನದೊಳಗೆ ಓಣಿ ಸುತ್ತುತ್ತದೆ.

"ಇಲ್ಲವ್ವ," ಎಂದೆ. "ಬರಂಗಿಲ್ಲ."