ನನಗೆ ಪಾಪ ಸಿಕ್ಕ ವಾರ

ಪರೀಕ್ಷೆಯ ಕೊನೆಯ ಪೇಪರು ಬರೆದು ಬಂದ ಮಾರನೆಯ ದಿನವೇ ಮಕ್ಕಳನ್ನು ಬಸ್ಸು ಹತ್ತಿಸಿ ಆಯಿಯ, ಅಂದರೆ ಅವ್ವನ ತಾಯಿಯ, ಊರಿಗೆ ಕಳಿಸಿಬಿಡುತ್ತಿದ್ದ ಕಾಲವದು. ನಮ್ಮ ಮನೆ ವಿಜಯಪುರದ ಜೋರಾಪುರ ಪೇಟೆಯಲ್ಲಿತ್ತು. ಆ ಊರನ್ನು ಆಗಿನ್ನೂ ಎಲ್ಲರೂ ಬಿಜಾಪುರ ಎಂದೇ ಕರೆಯುತ್ತಿದ್ದರು. ಅಪ್ಪ ಬಬಲೇಶ್ವರದ ಹೈಸ್ಕೂಲಿನಲ್ಲಿ ಮಾಸ್ತರರು; ಅವರಿಗೆ ರಜೆ ಬೀಳಲು ಇನ್ನೂ ದಿನಗಳಿರುತ್ತಿದ್ದವು. ಹೀಗಾಗಿ ಬೆಳಿಗ್ಗೆ ಅವರು ಬಬಲೇಶ್ವರದ ಬಸ್ಸಿಗೆ, ನಾನು ತಿಕೋಟಾದ ಬಸ್ಸಿಗೆ. "ಆಯಿ ಸ್ಟ್ಯಾಂಡಿಗೆ ಬಂದಿರ್ತಾಳ್ರಿ, ಇಳಿಸಿಬಿಡ್ರಿ" ಎಂದು ಕಂಡಕ್ಟರನಿಗೆ ನಾಲ್ಕು ಸಲ ಹೇಳಿದ ಮೇಲೂ ಅವ್ವ ಬಸ್ಸು ತಿರುಗುವವರೆಗೆ ನಿಂತೇ ಇರುತ್ತಿದ್ದಳು.

ತಿಕೋಟಾ ಬಂತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದಿತ್ತು. ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಂದ ಏಪ್ರಿಲ್ಲಿನ ಬಿಸಿಗಾಳಿಯ ಜೊತೆ ಒಂದು ಸಿಹಿ ವಾಸನೆ ಬಸ್ಸಿನೊಳಕ್ಕೇ ನುಗ್ಗುತ್ತಿತ್ತು. ಅರ್ಧ ಬೆಲ್ಲ, ಅರ್ಧ ಹುಳಿ. ಅದನ್ನು ಮೂಗಿನ ತುಂಬ ಎಳೆದುಕೊಂಡೇ ನಾನು ಇಳಿಯುತ್ತಿದ್ದೆ. ಕೆಳಗೆ ಆಯಿ, ಆಯಿಯ ಸೆರಗು ಹಿಡಿದು ಮಾರ್ಥಿ.

ಮಾರ್ಥಿ ನನ್ನ ಸೋದರಮಾವನ ಮಗಳು, ನನಗಿಂತ ಎಂಟು ತಿಂಗಳು ಚಿಕ್ಕವಳು. ಊರಿನಲ್ಲಿ ಏನು ಒಡೆದರೂ, ಏನು ಕಳೆದರೂ ಮೊದಲು ಕರೆಯುತ್ತಿದ್ದುದು ಅವಳನ್ನೇ. ಮಾವನ ಕನ್ನಡಕವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟು ಎರಡು ದಿನ ಮರೆತವಳು ಅವಳು. ಪಕ್ಕದ ಮನೆಯ ಮೇಕೆಗೆ ತನ್ನ ಕೆಂಪು ರಿಬ್ಬನ್ ಕಟ್ಟಿ ಪ್ರಾರ್ಥನೆಯ ಹೊತ್ತಿಗೆ ಚರ್ಚಿನ ಬಾಗಿಲಿಗೆ ಬಿಟ್ಟವಳೂ ಅವಳೇ. ನಾನಾದರೋ ಪೇಟೆಯಿಂದ ಬಂದ ಶಾಣ್ಯಾ ಹುಡುಗಿ. ಹತ್ತು ವರ್ಷಕ್ಕೇ ಭಾನುವಾರದ ಸಾಲಿಯ ಎಲ್ಲ ಬೈಬಲ್ ವಾಕ್ಯಗಳೂ ನನಗೆ ಬಾಯಿಪಾಠ. "ಪುಷ್ಪಿನ್ನ ನೋಡಿ ಕಲಿ" ಎಂದು ಅತ್ತೆ ದಿನಕ್ಕೊಮ್ಮೆ ಮಾರ್ಥಿಗೆ ಹೇಳುತ್ತಿದ್ದಳು. ನಾನು ಕೇಳಿಸದವಳ ಹಾಗೆ ಜಡೆ ಹೆಣೆದುಕೊಳ್ಳುತ್ತಿದ್ದೆ.

ತಿಕೋಟಾದಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಕೆಲವೇ. ತಗಡಿನ ಚಾವಣಿಯ ಸಣ್ಣ ಚರ್ಚು, ಪಕ್ಕದಲ್ಲೊಂದು ಬೇವಿನ ಮರ. ಆ ಮರದ ಕೆಳಗೆ ಭಾನುವಾರ ಮಧ್ಯಾಹ್ನ ಮಕ್ಕಳ ಸಾಲಿ. ಕಲಿಸುತ್ತಿದ್ದವರು ಸಲೋಮಿ ಅಕ್ಕೋರು. ವಾರವಿಡೀ ಅವರು ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಿದ್ದರು. ಭಾನುವಾರ ಬಿಳಿ ಸೀರೆ ಉಟ್ಟು ಬಂದರೂ ಅವರ ಬೆರಳುಗಳಿಗೆ ಆ ಸಿಹಿ ವಾಸನೆ ಹಾಗೇ ಇರುತ್ತಿತ್ತು. ತಲೆ ಸವರಿದರೆ ನಮ್ಮ ಕೂದಲಿಗೂ ಅಂಟುತ್ತಿತ್ತು.

ಆ ವರ್ಷ ಈಸ್ಟರ್ ತಡವಾಗಿ ಬಂದಿತ್ತು. ಅದಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಕೈಯಲ್ಲಿ ಈಚಲ ಗರಿ ಹಿಡಿದು ಊರು ಸುತ್ತಿ ಬಂದು, ಬಿಸಿಲಿಗೆ ಕೆಂಪಾಗಿ ಮರದ ಕೆಳಗೆ ಕೂತಿದ್ದೆವು. ಅಕ್ಕೋರು ಅಂದು ಪಾಪದ ಪಾಠ ಎತ್ತಿಕೊಂಡರು.

"ಬಾವ್ಯಾಗ ಬಿದ್ದಾವ ತನ್ನ ಜುಟ್ಟಾ ತಾನ ಹಿಡಕೊಂಡ ಮ್ಯಾಲ ಬರಾಕ ಆಗ್ತೈತೇನು?"

"ನನಗ ಈಸ ಬರ್ತೈತ್ರಿ ಅಕ್ಕೋರ!" ಎಂದಳು ಮಾರ್ಥಿ.

"ಈಸಿಕೊಂತ ಎಷ್ಟೊತ್ತ ಇರ್ತಿ ಬೇ? ಅದು ಮೆಟ್ಟಿಲಾ ಇಲ್ಲದ ಬಾವಿ. ಮ್ಯಾಲಿಂದ ಯಾರರ ಬಂದ ಎತ್ತಬೇಕು. ಅದಕ್ಕ ಯೇಸುಸ್ವಾಮಿ ತಾನ ಇಳದ ಬಂದ." ಅಕ್ಕೋರು ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಈಗ ಹೇಳ್ರಿ, ಪಾಪ ಮಾಡಿದವರು ಯಾರ್ಯಾರದೀರಿ? ಕೈ ಎತ್ರಿ."

ಎಲ್ಲರ ಕೈಗಳೂ ಮೇಲೆ ಹೋದವು. ಮಾರ್ಥಿ ಎರಡೂ ಕೈ ಎತ್ತಿದಳು. ನಾನು ಮಾತ್ರ ಲಂಗವನ್ನು ಮೊಣಕಾಲಿಗೆ ಸರಿಮಾಡಿಕೊಂಡು ಸುಮ್ಮನೆ ಕೂತಿದ್ದೆ.

"ಪುಷ್ಪಾ?"

"ನಾ ಏನೂ ಮಾಡಿಲ್ರಿ ಅಕ್ಕೋರ."

"ಒಂದೂ ಇಲ್ಲಾ?"

ನಾನು ಪ್ರಾಮಾಣಿಕವಾಗಿಯೇ ಯೋಚಿಸಿದೆ. ಸುಳ್ಳು ಹೇಳುತ್ತಿರಲಿಲ್ಲ. ಕದಿಯುತ್ತಿರಲಿಲ್ಲ. ಹೋಮ್‌ವರ್ಕ್ ತಪ್ಪಿಸುತ್ತಿರಲಿಲ್ಲ. "ಇಲ್ರಿ."

ಮಕ್ಕಳು ಕಿಸಕ್ಕೆಂದರು. ಅಕ್ಕೋರು ನಗಲಿಲ್ಲ, ಬೈಯಲೂ ಇಲ್ಲ. "ಆತು. ಮುಂದಿನ ಐತಾರದ ತನಕಾ ಹುಡುಕು. ಸಿಕ್ಕರ ನನಗ ಬಂದ ಹೇಳು" ಎಂದರು.

ಕೊಟ್ಟ ಕೆಲಸವನ್ನು ಬಿಡುವವಳಲ್ಲ ನಾನು. ಸೋಮವಾರದಿಂದಲೇ ಹುಡುಕತೊಡಗಿದೆ. ತೊಂದರೆಯೆಂದರೆ ನನ್ನ ಕಣ್ಣಿಗೆ ಬೀಳುತ್ತಿದ್ದ ಪಾಪಗಳೆಲ್ಲ ಮಾರ್ಥಿಯವೇ. ಐದು ಹರಳಿನ ಆಣಿಕಲ್ಲು ಆಟ ಆಡುವಾಗ ಐದನೆಯ ಕಲ್ಲನ್ನು ಕಾಲಡಿ ಮುಚ್ಚಿದ್ದು, ಸಂಜೆಯ ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟಿದ್ದು (ನಾನೂ ಬಿಟ್ಟಿದ್ದರಿಂದಲೇ ಅದು ಕಂಡಿತ್ತು ಎಂಬುದು ಹೊಳೆಯಲಿಲ್ಲ), ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಯನ್ನು ಬೆರಳಿನಿಂದ ನೆಕ್ಕಿದ್ದು. ಎಲ್ಲವನ್ನೂ ಆಯಿಯ ಮುಂದೆ ಒಪ್ಪಿಸಿದೆ.

"ಇವೆಲ್ಲಾ ಆಕೀವು ಆದ್ವು. ನಿಂದೆಲ್ಲೈತಿ?" ಎಂದಳು ಆಯಿ.

"ನಂದಿನ್ನೂ ಸಿಕ್ಕಿಲ್ಲ."

ಆಯಿ ಅಂದು ಮೊರದ ತುಂಬ ಒಣದ್ರಾಕ್ಷಿ ಹರವಿಕೊಂಡು ಕೂತಿದ್ದಳು. ಈಸ್ಟರಿನ ಆರಾಧನೆಯಲ್ಲಿ ದೊಡ್ಡವರು ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬೇಕಾಗುವ ದ್ರಾಕ್ಷಾರಸ ಮಾಡುವುದು ಎಷ್ಟೋ ವರ್ಷಗಳಿಂದ ಅವಳದೇ ಕೆಲಸ. ಶೆಡ್ಡಿನಿಂದ ಒಳ್ಳೆಯ ಹಣ್ಣು ಆರಿಸಿ ತಂದು, ತೊಟ್ಟು ತೆಗೆದು, ತೊಳೆದು, ನೆರಳಲ್ಲಿ ಆರಿಸಿ ಹಿತ್ತಾಳೆಯ ಡಬ್ಬಿಯಲ್ಲಿ ತುಂಬುತ್ತಿದ್ದಳು. ಶನಿವಾರ ಬಿಸಿನೀರಲ್ಲಿ ನೆನೆಸಿ, ಹಿಸುಕಿ, ಕುದಿಸಿ, ಸೋಸಿದರೆ ಆಯಿತು. ಡಬ್ಬಿಗೆ ಬಿಳಿ ಅರಿವೆ ಕಟ್ಟಿ ಅಡಿಗೆಮನೆಯ ಗೂಡಿನಲ್ಲಿಟ್ಟು, ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ನಮ್ಮ ಕಡೆ ತಿರುಗಿದಳು.

"ಇದು ಕರ್ತನ ಮೇಜಿಂದು. ಇದರಾಗ ಯಾರೂ ಕೈ ಹಾಕಬಾರದು." ಹಾಗೆನ್ನುವಾಗ ಅವಳು ನೋಡಿದ್ದು ಮಾರ್ಥಿಯನ್ನೇ.

ಮಂಗಳವಾರ ನಾನು ಒಂದೇ ಒಂದು ಹಣ್ಣು ತಿಂದೆ. ಸಿಹಿ ಇದೆಯೋ ಇಲ್ಲವೋ ನೋಡಬೇಕಲ್ಲ, ದೇವರ ಕೆಲಸಕ್ಕೆ ಹುಳಿ ಹಣ್ಣು ಹೋಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರ ನಾಲ್ಕೈದು. ಗುರುವಾರ ಒಂದು ಹಿಡಿ. ಅರಿವೆಯನ್ನು ಮೊದಲಿದ್ದ ಹಾಗೇ ಗಂಟು ಹಾಕುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಶುಭ ಶುಕ್ರವಾರ ದೊಡ್ಡವರೆಲ್ಲ ಮಧ್ಯಾಹ್ನ ಮೂರರವರೆಗೆ ಉಪವಾಸ. ಮಕ್ಕಳಿಗೆ ರೊಟ್ಟಿ ತಟ್ಟಿಟ್ಟಿದ್ದರು. ಮಾರ್ಥಿ ಎರಡು ರೊಟ್ಟಿ ಮುಗಿಸಿದಳು. ನಾನು ತಟ್ಟೆ ಸರಿಸಿ, "ನಂದೂ ಉಪಾಸ" ಎಂದೆ. ಅತ್ತೆಯ ಕಣ್ಣು ತುಂಬಿ ಬಂದವು. ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ ಎಲ್ಲರೂ ಅಂಗಳಕ್ಕೆ ಇಳಿದಾಗ ನನ್ನ ಹೊಟ್ಟೆ ಚುರುಗುಟ್ಟಿತು. "ರಿಬ್ಬನ್ ಮರತೆ" ಎಂದು ಒಳಗೆ ಓಡಿದೆ. ಎರಡೂ ಕೈಗಳಲ್ಲಿ ಬಾಚಿಕೊಂಡು, ಬಾಯಿಯ ತುಂಬ ತುರುಕಿಕೊಂಡು, ಲಂಗದ ಜೇಬಿಗೂ ಸುರಿದುಕೊಂಡೆ. ಚರ್ಚಿನಲ್ಲಿ ಶಿಲುಬೆಯ ಕಥೆ ಕೇಳುತ್ತ ಜೇಬಿನಿಂದ ಒಂದೊಂದಾಗಿ ಬಾಯಿಗೆ ಹಾಕಿಕೊಂಡೆ. ಆರಾಧನೆ ಮುಗಿದ ಮೇಲೆ ಪಾಸ್ಟರರು, "ಇಷ್ಟ ಸಣ್ಣ ಕೂಸು ಉಪಾಸ ಮಾಡೈತಿ ನೋಡ್ರಿ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ತಲೆ ತಗ್ಗಿಸಿದೆ. ಹಲ್ಲಿನ ಸಂದಿಯಲ್ಲಿ ಒಂದು ಸಿಪ್ಪೆ ಸಿಕ್ಕಿತ್ತು.

ಶನಿವಾರ ಮಧ್ಯಾಹ್ನ ಆಯಿ ಡಬ್ಬಿ ಬಿಚ್ಚಿದಳು. ಅರ್ಧಕ್ಕಿಂತ ಕೆಳಗಿತ್ತು. ಅವಳು ಕೂಗಾಡಲಿಲ್ಲ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಕೂಗಾಡಿದ್ದು ಅತ್ತೆ.

"ಮಾರ್ಥೀ!"

"ನಾ ತಿಂದಿಲ್ಲ ಬೇ!"

"ಮತ್ತ್ಯಾರು, ಇಲಿ ಬಂದು ಅರಿವಿ ಬಿಚ್ಚಿ ಮತ್ತ ಕಟ್ಟಿ ಹೋತೇನು?"

ಆಯಿ ನನ್ನ ಕಡೆ ನೋಡಿದಳು. "ಪುಷ್ಪೀ, ನೀ ಏನರ ನೋಡೀದೇನು?"

ಆ ಹೊತ್ತಿಗೂ ನಾನು ಸುಳ್ಳು ಹೇಳಲಿಲ್ಲ. "ಮಾರ್ಥಿ ನಿನ್ನೆ ಅಡಗಿಮನಿಗೆ ಹೋಗಿದ್ಲು" ಎಂದೆ. ಹೋಗಿದ್ದು ನಿಜ, ನೀರು ಕುಡಿಯಲು.

ಮಾರ್ಥಿಯ ಬೆನ್ನಿಗೆ ಎರಡು ಬಿದ್ದವು. ಮಾರನೆಯ ದಿನ ಬೆಳಕು ಹರಿಯುವ ಮುನ್ನ ಮೇಣದ ಬತ್ತಿ ಹಿಡಿದು ಹೊರಡುವ ಈಸ್ಟರ್ ಮೆರವಣಿಗೆಯಲ್ಲಿ ಮುಂದೆ ಹೂವಿನ ಶಿಲುಬೆ ಹಿಡಿಯುವ ಪಾಳಿ ಆ ವರ್ಷ ಅವಳದು; ಹೊಸ ಹಳದಿ ಫ್ರಾಕೂ ಹೊಲಿಸಿದ್ದರು. "ನಾಳೆ ನೀ ಮನ್ಯಾಗ ಕುಂದರು. ಶಿಲುಬಿ ಪುಷ್ಪಿ ಹಿಡೀತಾಳ" ಎಂದಳು ಅತ್ತೆ.

ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾರ್ಥಿ ಕೂತಿದ್ದಳು. ನಾನು ಪಕ್ಕದಲ್ಲಿ ಹೋಗಿ ನಿಂತೆ. ಬಹಳ ಹೊತ್ತು ಬಿಕ್ಕಿದ ಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದಳು:

"ನಾನ ತಿಂದಿರಬೇಕ ಬಿಡು ಪುಷ್ಪಿ. ನನಗ ನೆನಪಿಲ್ಲ. ಯಾವಾಗ್ಲೂ ನಾನ ಮಾಡಿರ್ತೇನಲ್ಲ."

ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ರಸ್ತೆ ಕಾದ ಹಂಚಿನಂತಿತ್ತು. ಊರ ಹೊರಗಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದರು. ಮೂಲೆಯಲ್ಲಿ ಸಲೋಮಿ ಅಕ್ಕೋರು, ತಲೆಗೆ ಅರಿವೆ ಸುತ್ತಿಕೊಂಡು.

"ಅಕ್ಕೋರ, ಸಿಕ್ತ್ರಿ!"

"ಏನ್ ಸಿಕ್ತು?"

"ಪಾಪ!"

ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿ ನಗತೊಡಗಿದರು. ಅಕ್ಕೋರಿಗೂ ನಗು ಬಂದಿರಬೇಕು. ಆದರೆ ನನ್ನ ಮುಖ ನೋಡಿ ಎದ್ದು ಬಂದು, ಶೆಡ್ಡಿನ ನೆರಳಿಗೆ ಕರೆದೊಯ್ದು ಕೂರಿಸಿ ನೀರು ಕೊಟ್ಟರು. ಎಲ್ಲ ಹೇಳಿದೆ. ಒಂದು ಹಣ್ಣಿನಿಂದ ಹಿಡಿದು ಜೇಬಿನವರೆಗೆ, ಉಪವಾಸ, ಪಾಸ್ಟರರ ಕೈ, ಕೊನೆಗೆ "ಅಡಗಿಮನಿಗೆ ಹೋಗಿದ್ಲು" ಎಂದದ್ದು. ಅದನ್ನು ಹೇಳುವಾಗ ಅಳು ಒಡೆದು ಬಂತು.

"ನಾ ಐವತ್ತ ವಾಕ್ಯ ಬಾಯಿಪಾಠ ಮಾಡ್ತೇನ್ರಿ. ನಾಳೆ ಖರೇನ ಉಪಾಸ ಮಾಡ್ತೇನಿ. ಅಂದ್ರ ಹೋಗ್ತೈತೇನ್ರಿ ಅದು?"

"ಹೋಗಂಗಿಲ್ಲ."

"ನೂರು?"

"ನೂರಕ್ಕೂ ಹೋಗಂಗಿಲ್ಲ ಬೇ ಹುಡುಗಿ. ನೀ ತೊಳಕೊಂಡ ಹೋಗೂದಲ್ಲ ಅದು." ಅಕ್ಕೋರು ನನ್ನ ಗಲ್ಲ ಒರೆಸಿದರು. "ಈಗ ಮನ್ಯಾಗ ಮಾರ್ಥಿ ಯಾರ ಶಿಕ್ಷಾ ಉಣ್ಣಾಕತ್ಯಾಳ?"

"ನಂದು."

"ಹೆಂಗನಸ್ತೈತಿ?"

ನಾನು ಲಂಗದ ಅಂಚಿನಿಂದ ಮೂಗು ಒರೆಸಿಕೊಂಡೆ.

"ನಿನ್ನೆ ಚರ್ಚಿನ್ಯಾಗ ಕೇಳಿದ ಕತಿನೂ ಇದ ಐತಿ. ಮಾರ್ಥಿಗಿ ಗೊತ್ತಿಲ್ಲದ ಹೊತ್ತಾಳ. ಸ್ವಾಮಿ ಗೊತ್ತಿದ್ದ ಹೊತ್ತ. ನಮ್ಮ ಹೆಸರ ಗೊತ್ತಿದ್ದು, ನಾವ್ ಏನೇನ್ ಮಾಡೇವಿ ಅಂತ ಗೊತ್ತಿದ್ದು. ಆತಗ ಈಗ ಹೇಳು. ಆಮ್ಯಾಲ ಮನಿಗಿ ಹೋಗಿ ಮಾರ್ಥಿಗಿ ಹೇಳು. ಎರಡೂ ಆಗಬೇಕು."

ನನ್ನ ಪ್ರಾರ್ಥನೆಯಲ್ಲಿ ಅಂದು ಒಂದೂ ಬಾಯಿಪಾಠದ ಮಾತಿರಲಿಲ್ಲ. "ನಾನ ತಿಂದೆ" ಎಂದಷ್ಟೇ ಹೇಳಿದೆ. ಎದೆ ಹಗುರಾಯಿತು, ಆದರೆ ಮನೆ ಇನ್ನೂ ಬಾಕಿ ಇತ್ತು.

ಮನೆಯಲ್ಲಿ ಎಲ್ಲರೆದುರು ಹೇಳಿದೆ. ಅತ್ತೆ ಬಾಯಿ ತೆರೆದು ನಿಂತಳು. ಮಾವ ಪೇಪರು ಮಡಚಿದ. ಆಯಿ ಏನನ್ನಾದರೂ ಅನ್ನುವ ಮುಂಚೆ ಮಾರ್ಥಿ ಹಿತ್ತಿಲಿನಿಂದ ನುಗ್ಗಿ ಬಂದು ನನ್ನ ಜಡೆ ಹಿಡಿದೆಳೆದಳು.

"ನಾ ಇಷ್ಟೊತ್ತ ಅತ್ತಿದ್ದು ವಾಪಸ್ ಕೊಡು!"

ಎಲ್ಲಿಂದ ಕೊಡುವುದು? ನಾನೂ ಅಳತೊಡಗಿದೆ. ನನ್ನ ಅಳು ನೋಡಿ ಅವಳಿಗೆ ನಗು ಬಂತು. ಅತ್ತೆ ಮಾರ್ಥಿಯನ್ನು ಬರಸೆಳೆದುಕೊಂಡು ಅವಳ ಬೆನ್ನು ಸವರುತ್ತ, "ತಪ್ಪಾತು ಯವ್ವಾ, ನನ್ನ ಕಡೆಯಿಂದ ತಪ್ಪಾತು" ಎಂದಳು. ದೊಡ್ಡವರು ಮಕ್ಕಳಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಯಿ ನನ್ನನ್ನು ಹತ್ತಿರ ಕರೆದಳು. "ಕರ್ತನ ಮೇಜಿಗೆ ಬರಾಕ ನಿನಗ ಇನ್ನಾ ವಯಸ್ಸಾಗಿಲ್ಲ. ಎಲ್ಲಾರಕಿಂತ ಮೊದಲ ಬಂದು, ಎಲ್ಲಾರ ಪಾಲೂ ತಗೊಂಡ ಹೋಗೀದಿ" ಎಂದು ತುಟಿ ಬಿಗಿಹಿಡಿದಳು. ಆಮೇಲೆ ಅವಳ ಇಡೀ ಮೈ ನಗುವಿನಿಂದ ಕುಲುಕಾಡಿತು. ಉಳಿದ ಹಣ್ಣಿಗೇ ನೀರು ಹೆಚ್ಚು ಹಾಕಿ ರಸ ಮಾಡಿದಳು. ಹಿಸುಕುವ ಕೆಲಸ ನನ್ನ ಪಾಲಿಗೆ ಬಂತು.

ನಸುಕಿನಲ್ಲಿ ಮಾರ್ಥಿ ಹಳದಿ ಫ್ರಾಕು ತೊಟ್ಟು ಹೂವಿನ ಶಿಲುಬೆ ಹಿಡಿದು ಮುಂದೆ ನಡೆದಳು. ನಾನು ಅವಳ ಹಿಂದೆ, ಗಾಳಿಗೆ ಆರುವ ಬತ್ತಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು. ಎಲ್ಲ ಕಂಠಗಳಿಗಿಂತ ಅವಳ ಕಂಠವೇ ಜೋರು, ರಾಗ ಮಾತ್ರ ಬೇರೆ. ರಸ ಗುಟುಕರಿಸಿದ ಪಾಸ್ಟರರು, "ಈ ವರ್ಷ ಭಾಳ ತಿಳಿ ಆಗೈತ್ರಿ ಆಯಿ" ಎಂದರಂತೆ. "ಹೌದ್ರಿ, ಈ ಸಲದ ಹಣ್ಣ ಹಂಗದಾವ" ಎಂದಳಂತೆ ಆಯಿ. ಅಂದು ಮಧ್ಯಾಹ್ನ ಕೋಳಿ ಸಾರು, ಗೋಧಿ-ಬೆಲ್ಲದ ಮಾದಲಿ. ನಾನು ಖರೆಯ ಉಪವಾಸದ ಮಾತು ಎತ್ತಿದ್ದಕ್ಕೆ ಆಯಿ, "ಹಬ್ಬದ ದಿನಾ ಉಪಾಸ ಮಾಡಿದ್ರ ಅದೂ ಒಂದ ತಪ್ಪ ನೋಡು" ಎಂದು ಮಾದಲಿಯ ಮೇಲೆ ತುಪ್ಪ ಸುರಿದಳು.

ಬೇವಿನ ಮರದ ಕೆಳಗೆ ಅಕ್ಕೋರು ಮತ್ತೆ ಕೇಳಿದರು. ನನ್ನ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಮಾರ್ಥಿಯ ಕೈ ಏಳಲಿಲ್ಲ. "ಈ ವಾರ ನಾ ಖರೇನ ಏನೂ ಮಾಡಿಲ್ರಿ!" ಎಂದಳು. ಅಕ್ಕೋರು ಆ ದಿನ ಮರಕ್ಕೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಯಿ ಹೋಗಿ ಬಹಳ ವರ್ಷಗಳಾದವು. ಅಕ್ಕೋರು ಮಗಳ ಜೊತೆ ತೊರವಿಯಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಮಾರ್ಥಿ ಸೊಲ್ಲಾಪುರದಲ್ಲಿ ನರ್ಸ್. ಚರ್ಚಿಗೆ ಈಗ ಗಟ್ಟಿ ಚಾವಣಿಯಿದೆ, ರಸ ಬಾಟಲಿಯಲ್ಲಿ ಬರುತ್ತದೆ. ಇವೆಲ್ಲ ಬದಲಾಗುವುದು ಸಹಜ, ಇವಕ್ಕೆ ನನಗೆ ಅಂಥ ದುಃಖವೇನಿಲ್ಲ.

ಕಳೆದುಹೋದದ್ದು ಬೇರೆ. ಹೋದ ವರ್ಷ ನಾನು ಕೆಲಸ ಮಾಡುವ ಶಾಲೆಯಲ್ಲಿ ನನ್ನದೇ ಮರೆವಿನಿಂದ ಒಂದು ಕೆಲಸ ಕೆಟ್ಟಿತು. ಅದಕ್ಕಾಗಿ ಜೊತೆಯ ಶಿಕ್ಷಕಿಯೊಬ್ಬಳು ಎಲ್ಲರೆದುರು ಮಾತು ಕೇಳಬೇಕಾಯಿತು. ನಾನು ಅಲ್ಲೇ ಇದ್ದೆ. ಅಂದು ಸಂಜೆ ಮೊಬೈಲಿನಲ್ಲಿ ಅವಳಿಗೆ ಬರೆದೆ: "ನಿಮಗೆ ಬೇಸರವಾಗಿದ್ದರೆ..." ಅಳಿಸಿದೆ. "ಏನೋ ಗೊಂದಲವಾಗಿ..." ಅದನ್ನೂ ಅಳಿಸಿದೆ. ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ದನಿಗೂಡಿಸಿ ನಾನು ಪಾಪಿಯೆಂದು ಹೇಳುತ್ತೇನೆ, ಎಡವದೆ ಹೇಳುತ್ತೇನೆ. ಆದರೆ ಸ್ಟಾಫ್ ರೂಮಿನಲ್ಲಿ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, "ಅದು ನಂದ ತಪ್ಪಿತ್ರಿ" ಎಂಬ ಮೂರು ಮಾತು ಹೇಳಲು ನನಗೆ ಎಂಟು ತಿಂಗಳು ಹಿಡಿಯಿತು.

ಹತ್ತು ವರ್ಷದ ಆ ಹುಡುಗಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು.