ನಾಸಿಕಿಗೆ ಹೊರಟ ಬೆಳ್ಳಿಹಬ್ಬ

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ ಎಂಬುದು ನನ್ನ ಗಂಡನಿಗೆ ತಾನಾಗಿಯೇ ನೆನಪಾಗಿತ್ತು. ನನ್ನನ್ನು ಗಾಬರಿಗೊಳಿಸಲು ಅಷ್ಟೇ ಸಾಕಾಗಿತ್ತು. ಮೊದಲನೆಯ ವರ್ಷ ನಾನು ನೆನಪಿಸಿದಾಗ, "ಹೌದೇನು? ಛಲೋ ಆತು" ಎಂದು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದವರು ಅವರು. ಆಮೇಲೆ ನೆನಪಿಸುವ ಗೋಜಿಗೆ ನಾನೂ ಹೋಗಲಿಲ್ಲ.

ಶಹಾಬಾದಿನಲ್ಲಿ ಅವರದು ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ನೆಲಕ್ಕೆ ಹಾಸುವ ಫರಸಿ ಅಲ್ಲಿಂದ ಲಾರಿ ತುಂಬಿ ಊರೂರಿಗೆ ಹೋಗುತ್ತದೆ. ಸಂಜೆ ಮನೆಗೆ ಬಂದಾಗ ಅವರ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಇರುತ್ತದೆ. ನಾನು ಪ್ರಾಥಮಿಕ ಶಾಲೆಯ ಟೀಚರು. ನನ್ನ ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ. "ಇಬ್ಬರೂ ಮೊದಲ ಝಾಡಿಸ್ಕೊಂಡು ಒಳಗ ಬರ್ರಿ" ಎನ್ನುವುದು ಅತ್ತೆಯ ದಿನನಿತ್ಯದ ಸ್ವಾಗತ.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಈ ಸಲ ನಾವಿಬ್ಬರ ಎಲ್ಲಿಗರ ಹೋಗಾಮೇನು?" ಎಂದರು.

"ಎಲ್ಲಿಗಿ?"

"ನಾಸಿಕಿಗಿ. ಅಲ್ಲಿ ದ್ರಾಕ್ಷಿ ತ್ವಾಟ ಭಾಳ ಅವ. ವೈನ್ ಮಾಡ್ತಾರ. ಗಂಡ ಹೆಂಡತಿ ಹೋಗಿ ನೋಡ್ಲಿಕ್ಕ ಛಲೋ ಜಾಗಂತ."

"ದಾರೂ ಮಾಡೋ ಜಾಗಕ್ಕ?"

"ದಾರೂ ಅಲ್ಲ, ವೈನ್" ಎಂದು ಅವರು ದನಿ ತಗ್ಗಿಸಿದರು. ಪಕ್ಕದ ಕೋಣೆಯಲ್ಲಿ ಅತ್ತೆಯ ಲಿಂಗಪೂಜೆ ನಡೆದಿತ್ತು. ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಕರ್ರಗಾಗಿತ್ತು.

ನಮ್ಮದು ಕೆಮ್ಮಿನ ಔಷಧಿಯನ್ನೂ ಅತ್ತೆ ಮೂಸಿ ನೋಡಿದ ಮೇಲೆಯೇ ಒಳಗೆ ಬಿಡುವ ಮನೆ. ನಾವಿಬ್ಬರೂ ಅಂಥದ್ದನ್ನು ಮುಟ್ಟಿದವರಲ್ಲ. ಆದರೂ ಅವತ್ತು ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಹೇಳಿಕೊಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ದ್ರಾಕ್ಷಿ ಚಪ್ಪರ, ಅದರ ಕೆಳಗೆ ಕೈ ಹಿಡಿದು ನಡೆಯುವ ನಾವು. ಲೆಕ್ಕ ಎರಡು ಸಲ ತಪ್ಪಿತು.

ಅತ್ತೆಗೆ ಏನು ಹೇಳುವುದು ಎಂಬುದೇ ದೊಡ್ಡ ಯೋಚನೆಯಾಯಿತು. ನಾಸಿಕಿನ ಪಕ್ಕದಲ್ಲೇ ತ್ರ್ಯಂಬಕೇಶ್ವರವಿದೆ, ದರ್ಶನಕ್ಕೆಂದು ಹೇಳಿದರಾಯಿತು ಎಂದು ನಾನು ಉಪಾಯ ಮಾಡಿದೆ. ಊಟಕ್ಕೆ ಕುಳಿತಾಗ ಹೇಳಿಯೂ ಬಿಟ್ಟೆ. ಅತ್ತೆ ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿ ತೋರಿಸಿದರು.

"ಲಿಂಗ ಕೊರಳಾಗ ಅದ. ಇದನ್ನ ಬಿಟ್ಟು ಲಿಂಗ ನೋಡ್ಲಿಕ್ಕ ಅಷ್ಟು ದೂರ ಯಾಕ ಹೋಗ್ತೀರವಾ?"

ಆಗ ಇವರು ತಲೆ ಎತ್ತದೆ, "ಯವ್ವಾ, ಅಲ್ಲಿ ಒಂದು ದೊಡ್ಡ ಕಟ್ಟಡಕ್ಕ ನಮ್ಮ ಕಲ್ಲು ಹಾಸ್ಯಾರ. ಹ್ಯಾಂಗ ಬಂದಾವ ನೋಡಿ ಬರ್ತೀವಿ" ಎಂದರು.

"ಕಲ್ಲು ನೋಡ್ಲಿಕ್ಕ ಇಕೀ ಯಾಕ?"

"ಅಕೀನೂ ನೋಡ್ಲಿ ಬಿಡು."

ಅತ್ತೆ ಒಪ್ಪಿ ಮಜ್ಜಿಗೆ ಸುರಿದುಕೊಂಡರು. ಇಂಥ ಸುಳ್ಳನ್ನು ಇಷ್ಟು ಸರಾಗವಾಗಿ ಹೇಳುವ ಮನುಷ್ಯನ ಜೊತೆ ಇಪ್ಪತ್ತೈದು ವರ್ಷ ಬಾಳಿದ್ದೇನಲ್ಲ ಎಂದು ನನಗೆ ಭಯವೂ ಆಯಿತು, ಒಂದಿಷ್ಟು ಹೆಮ್ಮೆಯೂ ಆಯಿತು.

ಮುಂದೆ ಸಿದ್ಧತೆ ಜೋರಾಯಿತು. ಪಕ್ಕದ ವಾಡಿಯಲ್ಲಿ ರೈಲು ಹತ್ತಿ ಪುಣೆ, ಅಲ್ಲಿಂದ ಬಸ್ಸು ಎಂದು ಇವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕಾಶೆಯನ್ನೇ ಬರೆದರು. ನನಗೆ ಬಟ್ಟೆಯ ಚಿಂತೆ. ಚಿತ್ತಾಪುರದಲ್ಲಿರುವ ನಮ್ಮಕ್ಕನಿಗೆ ಮಾತ್ರ ನಿಜ ಹೇಳಿದ್ದೆ. ಅವಳು ತನ್ನ ಎರಡು ಚೂಡಿದಾರ್ ಕೊಟ್ಟು, "ಸೀರಿ ಉಟ್ಕೊಂಡು ಹೋದ್ರ ಅಲ್ಲಿ ನಿನ್ನ ಕೈಗಿ ಕಸಬರಿಗಿ ಕೊಡ್ತಾರ. ಇದನ್ನ ಹಾಕ್ಕೋ. ಕುಡದು ಬಂದು ಹ್ಯಾಂಗಿತ್ತಂತ ನನಗ ಹೇಳು" ಎಂದಳು. ಎರಡೂ ನನಗೆ ಬಿಗಿಯಾದವು. ಹೊಲಿಗೆ ಬಿಚ್ಚಿ ಸಡಿಲು ಮಾಡಿಕೊಂಡೆ.

ಇವರು ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿ ತಂದರು. ವೈನನ್ನು ಗಟಗಟ ಕುಡಿಯಬಾರದಂತೆ. ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಮೆಲ್ಲಗೆ ತಿರುಗಿಸಬೇಕು, ಮೂಗು ಒಳಗಿಟ್ಟು ಮೂಸಬೇಕು, ಆಮೇಲೆ ಒಂದೇ ಗುಟುಕು. ಅಲ್ಲಿ ಹೋಗಿ ಮರ್ಯಾದೆ ಕಳೆದುಕೊಳ್ಳಬಾರದೆಂದು ಒಂದು ಭಾನುವಾರ ಅಡುಗೆಮನೆಯಲ್ಲಿ ಕೆಂಪು ಶರಬತ್ತು ಮಾಡಿಕೊಂಡು ಅಭ್ಯಾಸಕ್ಕೆ ನಿಂತೆವು. ಇಬ್ಬರೂ ಕಿಟಕಿಗೆ ಗ್ಲಾಸು ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗ ಅತ್ತೆ ಒಳಗೆ ಬಂದರು.

"ಏನು ಹಂಗ ನೋಡ್ಲಿಕತ್ತೀರಿ? ಇರಿವಿ ಬಿದ್ದಾವೇನು?"

"ಹೌದವ್ವಾ, ಒಂದು ಬಿದ್ದಿತ್ತು" ಎಂದು ಇವರು ಗ್ಲಾಸನ್ನು ಒಂದೇ ಉಸಿರಿಗೆ ಬರಿದು ಮಾಡಿದರು. ಅತ್ತೆ ಸಕ್ಕರೆ ಡಬ್ಬಿಯನ್ನು ಬಿಸಿಲಿಗಿಟ್ಟರು.

ಹೊರಡಲು ನಾಲ್ಕು ದಿನವಿರುವಾಗ, ತೋಟ ನೋಡಲು ಮೊದಲೇ ಹೇಳಿಡಬೇಕೇನೋ ಎಂದು ನಾನೇ ನಾಸಿಕಿಗೆ ಫೋನು ಮಾಡಿದೆ. ಇವರು ನಂಬರು ಬರೆದಿಟ್ಟಿದ್ದರು. ನನ್ನ ಶಹಾಬಾದಿ ಹಿಂದಿಯಲ್ಲಿ ಊರ ಹೆಸರು ಹೇಳುತ್ತಲೇ ಆ ಕಡೆಯವನು ಸಂಭ್ರಮದಿಂದ, "ಫರಸಿಯ ಸಾಹೇಬರ ಮನೆಯವರೇ? ಬನ್ನಿ ಬನ್ನಿ! ಅವರು ಈಗಾಗಲೇ ನಾಲ್ಕು ಸಲ ಫೋನು ಮಾಡಿದ್ದಾರೆ. ಇಲ್ಲಿ ಹಾಸಿದ ಅವರ ಕಲ್ಲು ಸಮನಾಗಿ ಕೂತಿದೆಯೇ, ಸಂದು ಎಷ್ಟು ಬಿಟ್ಟಿದ್ದಾರೆ ಎಂದು ಕೇಳುತ್ತಿರುತ್ತಾರೆ" ಎಂದ.

ಹಾಗಾದರೆ ಅತ್ತೆಗೆ ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದ್ದು ನನಗೆ!

ಸಂಜೆ ಇವರು ಬಂದು ಮುಖ ತೊಳೆಯುವವರೆಗೂ ಕಾದೆ. "ನಿಮ್ಮ ಫರಸಿ ನೋಡ್ಲಿಕ್ಕ ನಾ ಚೂಡಿದಾರ್ ಹೊಲಿಗಿ ಬಿಚ್ಚಬೇಕಾಗಿತ್ತೇನು? ಇಲ್ಲೇ ಬಾಗಲಾಗ ರಾಶಿ ಬಿದ್ದಾವಲ್ಲ!"

ಟವೆಲು ಹಿಡಿದೇ ನಿಂತರು.

"ಹಂಗಲ್ಲ. ಇಷ್ಟು ವರ್ಷ ಕಲ್ಲು ಕೊಯ್ದೀನಿ. ಲಾರಿ ಗೇಟು ದಾಟಿತಂದ್ರ ಮುಗೀತು. ಅವು ಯಾರ ಮನ್ಯಾಗ ಬಿದ್ದಾವ, ಯಾರು ಅದರ ಮ್ಯಾಲ ತಿರಗ್ಯಾಡ್ತಾರ, ನನಗ ಗೊತ್ತಿಲ್ಲ. ಈ ನಾಸಿಕಿನವನೊಬ್ಬ ಫೋಟೋ ಕಳಿಸಿದ. ನೋಡಿದ ಕೂಡ್ಲೇ ನಿನಗ ತೋರಿಸಬೇಕಂತ ಅನ್ನಿಸ್ತು."

"ಹಂಗಂತ ಮೊದಲ ಹೇಳ್ಬೇಕಿಲ್ಲೇನು?"

"ಕಲ್ಲು ನೋಡ್ಲಿಕ್ಕ ಬಾ ಅಂದ್ರ ನೀ ಬರ್ತಿದ್ದೇನು?"

ಬರುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಮನಸ್ಸಾಗದೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಸಾಮಾನು ಕಟ್ಟಬೇಕಿತ್ತು, ಮಾತಾಡದೆ ಉಪಾಯವಿರಲಿಲ್ಲ.

ನಾಸಿಕಿನ ಹೊರಗಿನ ಆ ಜಾಗ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಗುಡ್ಡದ ಬುಡದವರೆಗೂ ಸಾಲು ಸಾಲು ದ್ರಾಕ್ಷಿ, ಚಪ್ಪರವಲ್ಲ, ಬೇಲಿಯ ಹಾಗೆ. ವೈನ್ ರುಚಿ ನೋಡುವ ದೊಡ್ಡ ಕೋಣೆಯ ಬಾಗಿಲಿಗೆ ಬರುತ್ತಲೇ ನನ್ನ ಗಂಡ ಚಪ್ಪಲಿ ಬಿಟ್ಟರು. ಯಾರೂ ಬಿಟ್ಟಿರಲಿಲ್ಲ. ಬರಿಗಾಲಿನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನ ನಡೆದರು. ಆಮೇಲೆ ಮಂಡಿಯೂರಿ ಕುಳಿತು ಸಂದುಗಳ ಮೇಲೆ ಬೆರಳಾಡಿಸಿದರು.

ನನ್ನ ಕೈಗೆ ಗ್ಲಾಸು ಬಂತು. ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮೂಸಿದೆ. ಗುಟುಕರಿಸಿದರೆ ಮೊದಲು ಹುಳಿ, ಆಮೇಲೆ ನೇರಳೆ ಹಣ್ಣು ತಿಂದಾಗಿನ ಒಗರು. ಇದಕ್ಕೋಸ್ಕರವೇ ಜನ ಇಲ್ಲಿಯವರೆಗೆ ಬರುತ್ತಾರೆಯೇ ಎನ್ನಿಸಿತು. ಎರಡನೆಯ ಗುಟುಕು ಪರವಾಗಿಲ್ಲ ಅನ್ನಬಹುದು. ಆಮೇಲಿನದರ ಬಗ್ಗೆ ನಾನು ಅಕ್ಕನಿಗೂ ಪೂರ್ತಿ ಹೇಳಿಲ್ಲ.

ಇವರಿಗೆ ಕುಡಿಯುವ ವ್ಯವಧಾನವೇ ಇರಲಿಲ್ಲ. ಹುಳಿ ಬಿದ್ದರೆ ನಮ್ಮ ಕಲ್ಲು ಕಲೆ ಹಿಡಿಯುತ್ತದೆ. ಯಾರ ಗ್ಲಾಸು ಒಂದಿಷ್ಟು ವಾಲಿದರೂ ಇವರ ಕೈ ಮುಂದೆ ಹೋಗುತ್ತಿತ್ತು. ವೈನು ಬಡಿಸುತ್ತಿದ್ದ ಹೆಣ್ಣುಮಗಳಿಗೆ, ಚೆಲ್ಲಿದ ಕೂಡಲೇ ಒರೆಸಬೇಕೆಂದು ಹರಕು ಹಿಂದಿಯಲ್ಲಿ ಪಾಠ ಮಾಡಿದರು. ಮುಂಬೈ ಕಡೆಯ ಒಬ್ಬ ಹೆಂಗಸು ನೆಲದ ಮೇಲಿದ್ದ ಇವರನ್ನು ನೋಡಿ, "ಏನಾದರೂ ಕಳೆದುಕೊಂಡಿದ್ದಾರೆಯೇ?" ಎಂದು ನನ್ನನ್ನು ಕೇಳಿದಳು.

"ಇಲ್ಲ, ಈ ನೆಲ ಅವರದು" ಎಂದುಬಿಟ್ಟೆ.

ಅವಳು ಇವರನ್ನು ಆ ಜಾಗದ ಮಾಲೀಕರೆಂದೇ ತಿಳಿದು, ಎದ್ದು ನಿಂತಾಗ ಕೈ ಜೋಡಿಸಿ ವೈನು ಬಹಳ ಚೆನ್ನಾಗಿದೆ ಎಂದಳು. ಒಂದು ಹನಿಯೂ ಕುಡಿಯದ ನನ್ನ ಗಂಡ ಗಂಭೀರವಾಗಿ ತಲೆದೂಗಿದರು. ನಾನು ನಗು ತಡೆಯಲಾರದೆ ಹೊರಗೆ ಓಡಿದೆ. ಕಿಟಕಿಯ ಕಟ್ಟೆಯ ಮೇಲೆ ಅವರದೊಂದು ಗ್ಲಾಸು ಹಾಗೇ ಇತ್ತು. ಹೋಗುವಾಗ ಅದನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವರು, "ನಂದು ನೋಡೋದು ಮುಗೀತು. ಇವತ್ತು ನಿಂದೇನದ, ಹೇಳು" ಎಂದರು.

ನನಗೇನೂ ಹೊಳೆಯಲಿಲ್ಲ. ತಿಂಗಳುಗಟ್ಟಲೆ ಯೋಚಿಸಿದ್ದೆಲ್ಲ ಬಟ್ಟೆ, ರೈಲು, ಅತ್ತೆ ಎಂಬುದರಲ್ಲೇ ಖರ್ಚಾಗಿತ್ತು. "ಏನೂ ಇಲ್ರಿ, ಸುಮ್ನ ಕುಂದ್ರಾಮಿ" ಎಂದೆ. ರಸ್ತೆ ಬದಿಯಲ್ಲಿ ದ್ರಾಕ್ಷಿ ಕೊಂಡು ಒಂದು ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಶಾಲೆಯ ಗಂಟೆ ಇಲ್ಲ, ಮಷಿನ್ನಿನ ಸದ್ದಿಲ್ಲ. ಅರ್ಧ ಗೊಂಚಲು ಮುಗಿಯುವಷ್ಟರಲ್ಲಿ ಇವರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಹಾದಿಯಲ್ಲಿ ಹೋಗುವವರು ನೋಡುತ್ತಿದ್ದರು. ಶಹಾಬಾದಿನಲ್ಲಾಗಿದ್ದರೆ ತಟ್ಟಿ ಎಬ್ಬಿಸುತ್ತಿದ್ದೆ. ಅಲ್ಲಿ ಎಬ್ಬಿಸಲಿಲ್ಲ, ಉಳಿದ ದ್ರಾಕ್ಷಿಯನ್ನು ಒಬ್ಬಳೇ ತಿಂದು ಮುಗಿಸಿದೆ.